ಎಪ್ಪತ್ತೈದು ವರ್ಷ ತಡವಾಗಿ ಎದ್ದ ಇಂಜಿನಿಯರ್

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ಹಿಂಜರಿದುದು ಸಹಜವೇ. ನಾನು ವೈದ್ಯನಲ್ಲ. 1978 ರಿಂದ 2015 ರವರೆಗೆ, ಮೂವತ್ತೇಳು ವರ್ಷಗಳ ಕಾಲ, ಕಳವಾದ ಒಂದು ಕಾರ್ಖಾನೆಯಲ್ಲಿ ಪಂಪು, ಗೇರು, ಬೇರಿಂಗುಗಳ ನಾಡಿ ಹಿಡಿದು ನೋಡಿದವನು. ಮನುಷ್ಯರ ನಾಡಿಯ ವಿಷಯದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೂ ಕಳೆದ ದೀಪಾವಳಿಯ ರಜೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ನನ್ನನ್ನು ಬರೆಯುವಂತೆ ಮಾಡಿದೆ.

ರಜೆಗೆಂದು ಬಂದಿದ್ದ ಮೊಮ್ಮಗ ಒಂದು ಮಧ್ಯಾಹ್ನ, ನೀನು ಚಿಕ್ಕವನಿದ್ದಾಗ ಏನು ನೋಡುತ್ತಿದ್ದೆ, ಅದನ್ನು ತೋರಿಸು ಎಂದು ಹಟ ಹಿಡಿದ. ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಟೆಲಿವಿಷನ್ನೇ ಇರಲಿಲ್ಲವೆಂದರೆ ಅವನು ನಂಬಲಿಲ್ಲ. ಕೊನೆಗೆ, ಯೌವನದಲ್ಲಿ ನನಗೆ ಬಹಳ ಪ್ರಿಯವಾಗಿದ್ದ ಒಂದು ವೈಜ್ಞಾನಿಕ ಕಥಾಮಾಲಿಕೆಯ ಒಂದು ಕಂತನ್ನು ಹುಡುಕಿ ತೆಗೆದು, ಇಬ್ಬರೂ ಕುಳಿತು ನೋಡಿದೆವು. ಸುಮಾರು ಮೂವತ್ತು ವರ್ಷಗಳ ನಂತರ ನಾನು ಅದನ್ನು ಮತ್ತೆ ನೋಡಿದ್ದು ಅಂದೇ. ಅರ್ಧ ಕಥೆ ಮುಗಿಯುವಷ್ಟರಲ್ಲಿ ಹುಡುಗ ಕೇಳಿದ: “ಅಜ್ಜಾ, ಈ ಅಜ್ಜನ ಮ್ಯಾಲೆ ಅವರೆಲ್ಲ ಯಾಕ ಸಿಟ್ಟಾಗ್ತಾರ? ಅವಾ ಏನ್ ತಪ್ಪ ಮಾಡ್ಯಾನ?”

ನನಗೆ ಉತ್ತರ ಹೊಳೆಯಲಿಲ್ಲ. ಈ ಲೇಖನವೆಲ್ಲ ಆ ಪ್ರಶ್ನೆಗೆ ಉತ್ತರವನ್ನು ಹುಡುಕುವ ಪ್ರಯತ್ನವೆಂದು ಓದುಗರು ಭಾವಿಸಬೇಕಾಗಿ ವಿನಂತಿ.

ಭಾನುವಾರದ ಬೆಳಗಿನ ನೌಕೆ

‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಮಾಲಿಕೆಯನ್ನು ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಹಲವರು ಬಲ್ಲರು. 1966 ರಿಂದ 1969 ರವರೆಗೆ ಅಲ್ಲಿ 79 ಕಂತುಗಳಲ್ಲಿ ಪ್ರಸಾರವಾಗಿ ನಿಂತುಹೋದ ಈ ಮಾಲಿಕೆ, ಎಂಬತ್ತರ ದಶಕದಲ್ಲಿ ದೂರದರ್ಶನದ ಮೂಲಕ ಭಾನುವಾರದ ಬೆಳಗಿನಲ್ಲಿ ನಮ್ಮ ಮನೆಗಳಿಗೆ ಬಂದಿತು. ಇನ್ನೂ ‘ರಾಮಾಯಣ’ ಆರಂಭವಾಗಿರಲಿಲ್ಲ. ಚಾಳಿನಲ್ಲಿ ಟಿ.ವಿ. ಇದ್ದ ಒಂದೆರಡು ಮನೆಗಳ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ನೌಕೆ, ಅದರ ನಾಯಕ ಕರ್ಕ್, ಕಿವಿ ಚೂಪಾದ ಸ್ಪಾಕ್, ಕೋಪಿಷ್ಠ ವೈದ್ಯ ಮೆಕಾಯ್, ಇವರೆಲ್ಲರೂ ನಮಗೆ ನೆರೆಮನೆಯವರಾದರು. ಆದರೆ ಕಾರ್ಖಾನೆಯ ಕನ್ನಡಿಗರಾದ ನಮಗೆ ಅತ್ಯಂತ ಆಪ್ತನಾಗಿದ್ದವನು ನೌಕೆಯ ಮುಖ್ಯ ಇಂಜಿನಿಯರ್ ಮಾಂಟ್ಗೊಮರಿ ಸ್ಕಾಟ್. ಎಲ್ಲರೂ ಅವನನ್ನು ‘ಸ್ಕಾಟಿ’ ಎನ್ನುವರು. ನಾಯಕ ಮೇಲಿನಿಂದ ಅಸಾಧ್ಯವಾದುದನ್ನು ಕೇಳುವುದು, ಕೆಳಗೆ ಇಂಜಿನ್ ಕೋಣೆಯಲ್ಲಿ ಈತ ಬೈದುಕೊಳ್ಳುತ್ತಲೇ ಅದನ್ನು ಸಾಧಿಸಿ ಕೊಡುವುದು! ಇದು ನಮ್ಮ ಪ್ರತಿದಿನದ ಪಾಳಿಯ ಕಥೆಯೇ ಆಗಿತ್ತಲ್ಲವೆ?

1987 ರಲ್ಲಿ ಅದೇ ಲೋಕದ ಮುಂದಿನ ಪೀಳಿಗೆಯ ಕಥೆಯಾಗಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಎಂಬ ಹೊಸ ಮಾಲಿಕೆ ಅಮೆರಿಕದಲ್ಲಿ ಆರಂಭವಾಯಿತು. ಕೇಬಲ್ ತಂತಿಗಳು ಕಳವಾದ ಗಲ್ಲಿಗಳಿಗೆ ಬಂದಮೇಲೆ ಅದೂ ನಮಗೆ ಲಭಿಸಿತು. ಹೊಸ ನೌಕೆ, ಹೊಸ ನಾಯಕ ಪಿಕಾರ್ಡ್, ಹೊಸ ಇಂಜಿನಿಯರ್ ಜಾರ್ಡಿ ಲಾ ಫೋರ್ಜ್. ಒಂದು ಮಾಲಿಕೆಯ ಪಾತ್ರ ಮತ್ತೊಂದು ಮಾಲಿಕೆಯೊಳಕ್ಕೆ ಅತಿಥಿಯಾಗಿ ಕಾಲಿಡುವ ಕಂತುಗಳಿಗೆ ‘ಕ್ರಾಸ್‌ಓವರ್’ ಎನ್ನುತ್ತಾರೆ. ನಾನು ಮೊಮ್ಮಗನಿಗೆ ತೋರಿಸಿದ್ದು ಅಂತಹ ಒಂದು ಕಂತು. ಅದರ ಹೆಸರು ‘ರೆಲಿಕ್ಸ್’, ಎಂದರೆ ಅವಶೇಷಗಳು. ಬರೆದವರು ರೊನಾಲ್ಡ್ ಡಿ. ಮೂರ್, ಮೊದಲು ಪ್ರಸಾರವಾದದ್ದು 1992 ರ ಅಕ್ಟೋಬರಿನಲ್ಲಿ.

ಕಥೆಯ ಸಾರ

ಹೊಸ ಎಂಟರ್‌ಪ್ರೈಸ್ ನೌಕೆಗೆ ಎಪ್ಪತ್ತೈದು ವರ್ಷಗಳ ಹಿಂದೆ ಕಾಣೆಯಾದ ‘ಜೆನೋಲನ್’ ಎಂಬ ಹಡಗಿನ ಅಪಾಯ ಸೂಚನೆ ಕೇಳಿಬರುತ್ತದೆ. ಹೋಗಿ ನೋಡಿದರೆ, ಒಂದು ನಕ್ಷತ್ರವನ್ನೇ ಒಳಗಿಟ್ಟುಕೊಂಡು ಕಟ್ಟಿದ ಮಹಾಗೋಳ. ಅದರ ಹೊರಮೈಮೇಲೆ ಜೆನೋಲನ್ ಅಪ್ಪಳಿಸಿ ಬಿದ್ದಿದೆ. ಇಂತಹ ಗೋಳದ ಕಲ್ಪನೆ ಕೇವಲ ಕಥೆಗಾರನದಲ್ಲ. ಒಂದು ಮುಂದುವರಿದ ನಾಗರಿಕತೆ ತನ್ನ ನಕ್ಷತ್ರದ ಶಕ್ತಿಯನ್ನೆಲ್ಲ ಹಿಡಿಯಲು ಅದರ ಸುತ್ತ ಆವರಣವನ್ನು ರಚಿಸಬಹುದೆಂದು ಫ್ರೀಮನ್ ಡೈಸನ್ ಎಂಬ ಭೌತವಿಜ್ಞಾನಿ 1960 ರಲ್ಲಿ ಬರೆದಿದ್ದರು. ಕಥೆಯಲ್ಲಿನ ಗೋಳದ ವ್ಯಾಸ 20 ಕೋಟಿ ಕಿಲೋಮೀಟರು. ನಾನು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆ: ಅದರ ಮೇಲ್ಮೈ ಸುಮಾರು 25 ಕೋಟಿ ಭೂಮಿಗಳಷ್ಟಾಗುತ್ತದೆ. ಅಷ್ಟು ದೊಡ್ಡ ಮನೆಯನ್ನು ಕಟ್ಟಿದವರು, ಒಳಗಿನ ನಕ್ಷತ್ರ ಕೆರಳಿದ ಕಾರಣ, ಅದನ್ನು ತೊರೆದು ಹೋಗಿದ್ದಾರೆ.

ಕೆಟ್ಟ ಹಡಗಿನೊಳಗೆ ಮನುಷ್ಯರನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸುವ ಯಂತ್ರವೊಂದು ಇನ್ನೂ ಸಣ್ಣಗೆ ಉಸಿರಾಡುತ್ತಿದೆ. ಅದನ್ನು ಚಾಲನೆ ಮಾಡಿದೊಡನೆ ಅದರೊಳಗಿಂದ ಹೊರಬರುವವನು ಸ್ಕಾಟಿ! ನಿವೃತ್ತನಾಗಿ, ನಿವೃತ್ತರ ವಸಾಹತಿಗೆ ಪ್ರಯಾಣಿಕನಾಗಿ ಹೊರಟಿದ್ದವನು, ಅಪಘಾತವಾದಾಗ ಬದುಕುಳಿಯಲು ಯುಕ್ತಿಯಿಂದ ತನ್ನನ್ನು ತಾನೇ ಆ ಯಂತ್ರದ ಸ್ಮೃತಿಯಲ್ಲಿ ಬಂಧಿಸಿಕೊಂಡಿದ್ದ. ಅವನಿಗೆ ಅದು ಒಂದು ಕ್ಷಣ. ಜಗತ್ತಿಗೆ ಎಪ್ಪತ್ತೈದು ವರ್ಷ. ತನ್ನನ್ನು ಪಾರುಮಾಡಲು ಬಂದವನು ಹಳೆಯ ನಾಯಕ ಕರ್ಕನೇ ಇರಬೇಕೆಂದು ಅವನ ನಂಬಿಕೆ.

ಮುಂದಿನದು ಕರುಣಾಜನಕ. ಆತ ಉತ್ಸಾಹದಿಂದ ಇಂಜಿನ್ ಕೋಣೆಗೆ ಹೋಗುತ್ತಾನೆ, ಹಳೆಯ ಕಥೆಗಳನ್ನು ಹೇಳುತ್ತಾನೆ, ಕೇಳದಿದ್ದರೂ ಸಲಹೆ ಕೊಡುತ್ತಾನೆ. ಅವನಿಗೆ ತಿಳಿದುದೆಲ್ಲ ಹಳತಾಗಿದೆ. ತರುಣ ಲಾ ಫೋರ್ಜ್ ದುಷ್ಟನಲ್ಲ. ಅವನಿಗೆ ಕೆಲಸವಿದೆ, ಸಮಯವಿಲ್ಲ. ತಾಳ್ಮೆ ತಪ್ಪಿ ಒಂದು ಬಿರುಮಾತನ್ನಾಡುತ್ತಾನೆ. ಮುದುಕ ಸುಮ್ಮನೆ ಹೊರಟುಹೋಗುತ್ತಾನೆ.

ತ್ರೇತಾಯುಗದ ಮುದುಕ, ದ್ವಾಪರದ ತರುಣ

ಇಂತಹ ‘ಕ್ರಾಸ್‌ಓವರ್’ ನಮಗೆ ಹೊಸದೇನಲ್ಲ. ಸೌಗಂಧಿಕಾ ಪುಷ್ಪವನ್ನು ತರಲು ಹೊರಟ ಭೀಮಸೇನನಿಗೆ ಬಾಳೆಯ ವನದಲ್ಲಿ ದಾರಿಗಡ್ಡವಾಗಿ ಮಲಗಿದ್ದ ಮುದಿ ಕಪಿಯ ಪ್ರಸಂಗವನ್ನು ನಾವು ಬಯಲಾಟದಲ್ಲಿ, ಯಕ್ಷಗಾನದಲ್ಲಿ, ಮನೆಯ ಹಿರಿಯರ ಬಾಯಲ್ಲಿ ಕೇಳುತ್ತ ಬೆಳೆದವರು. ರಾಮಾಯಣದ ಹನುಮಂತ ಮಹಾಭಾರತದೊಳಕ್ಕೆ ಬಂದು ಮಲಗಿದ್ದಾನೆ. ಇಬ್ಬರೂ ವಾಯುಪುತ್ರರು, ಒಂದೇ ಕುಲದವರು. ಆದರೂ ತಮ್ಮ ಅಣ್ಣನನ್ನು ಗುರುತಿಸಲಾರ. ಅವಸರ ಅವನ ಕಣ್ಣು ಕಟ್ಟಿದೆ. ಬಾಲವನ್ನು ಎತ್ತಲಾರದೆ ಬೆವರಿದ ಮೇಲೆಯೇ ಅವನಿಗೆ ಎದುರಿರುವವನು ಯಾರೆಂಬುದು ಹೊಳೆಯುತ್ತದೆ.

ಮೂವತ್ತು ವರ್ಷಗಳ ಹಿಂದೆ ‘ರೆಲಿಕ್ಸ್’ ನೋಡಿದಾಗ ನಾನು ಭೀಮನ ಪಕ್ಷದಲ್ಲಿದ್ದೆ. ಲಾ ಫೋರ್ಜ್ ಪಾಪ, ಅವನ ಕೆಲಸಕ್ಕೆ ಈ ಮುದುಕ ಎಷ್ಟು ಅಡ್ಡಿ ಮಾಡುತ್ತಾನೆ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳಲು ನನಗೆ ಒಂದು ಕಾರಣವೂ ಇತ್ತು. ಅದನ್ನು ಇದುವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

ಪಂಪಿನ ತಳಪಾಯ

ಠಾಣೆಯ ಖಾಡಿಯ ಈಚೆಗೆ ಕಾರ್ಖಾನೆಗಳು ಸಾಲಾಗಿ ಎದ್ದ ಕಾಲದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯಿಂದ ಬಂದ ನಮ್ಮವರಲ್ಲಿ ಒಬ್ಬ ಫೋರ್‌ಮನ್ ಇದ್ದರು. ನಾವೆಲ್ಲ ಅವರನ್ನು ‘ಕಾಕಾ’ ಎನ್ನುತ್ತಿದ್ದೆವು. ನಾನು ಡಿಪ್ಲೊಮಾದ ಕಾಗದವನ್ನು ಹಿಡಿದು ಕಳವಾ ಸ್ಟೇಷನ್ನಿನಲ್ಲಿ ಇಳಿದಾಗ ನನಗೆ ಮಲಗಲು ಜಾಗ ಕೊಟ್ಟವರು ಅವರು. ಸ್ಪ್ಯಾನರ್ ಹಿಡಿಯುವುದನ್ನು ನಿಜವಾಗಿ ಕಲಿಸಿದವರೂ ಅವರೇ. 1990 ರಲ್ಲಿ ನಿವೃತ್ತರಾದರು.

ಮೂರು ವರ್ಷಗಳ ನಂತರ, ಮಳೆಗಾಲದ ಒಂದು ದಿನ, ಕಾಕಾ ಕಾರ್ಖಾನೆಗೆ ಬಂದರು. ತಂಪುನೀರಿನ ದೊಡ್ಡ ಪಂಪೊಂದು ಪದೇ ಪದೇ ಬೇರಿಂಗನ್ನು ತಿನ್ನುತ್ತಿದ್ದ ಸಮಯವದು. ಉತ್ಪಾದನೆ ನಿಂತಿತ್ತು, ಮೇಲಿನವರು ನನ್ನ ತಲೆಯ ಮೇಲೆ ನಿಂತಿದ್ದರು. ಕಾಕಾ ಪಂಪಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಕೈಯನ್ನು ಸಿಮೆಂಟಿನ ಕಟ್ಟೆಯ ಮೇಲಿಟ್ಟು, ಹೇಳಿದರು: “ತಮ್ಮಾ, ಬೇರಿಂಗ್ ಎಷ್ಟ ಬದಲಿ ಮಾಡಿದ್ರೂ ಅಷ್ಟ. ತಳಪಾಯ ನೋಡು. ಇದು ಖಾಡಿ ನೆಲ; ಮಳಿಗಾಲಕ್ಕ ಕೂಡತದ.”

ನಾನು ಏನೆಂದೆ ಎಂಬುದನ್ನು ಬರೆಯಲು ಇಂದಿಗೂ ಸಂಕೋಚವಾಗುತ್ತದೆ. “ಕಾಕಾ, ಈಗ ಎಲ್ಲಾ ಬದಲಾಗೇದ. ನೀವು ಮನಿಗೆ ಹೋಗಿ ಆರಾಮ ಮಾಡ್ರಿ,” ಎಂದೆ. ಹುಡುಗರ ಎದುರಿಗೆ. ಅವರು ಕೈ ಒರೆಸಿಕೊಂಡು ಎದ್ದರು. ಗೇಟಿನವರೆಗೆ ಕಳಿಸಲೂ ನಾನು ಹೋಗಲಿಲ್ಲ. ಆಮೇಲೆ ಅವರು ಕಾರ್ಖಾನೆಯ ಕಡೆಗೆ ಬಂದುದನ್ನು ನಾನು ಕಾಣೆ.

ಮತ್ತೆರಡು ಬೇರಿಂಗುಗಳನ್ನು ನುಂಗಿದ ಮೇಲೆ ಅಳತೆಯ ಉಪಕರಣವನ್ನಿಟ್ಟು ನೋಡಿದೆವು. ಕಟ್ಟೆಯ ಒಂದು ಮೂಲೆ ಕುಸಿದು, ಮೋಟಾರಿನ ದಂಡವೂ ಪಂಪಿನ ದಂಡವೂ ಒಂದೇ ರೇಖೆಯಲ್ಲಿರಲಿಲ್ಲ. ತಳಪಾಯವನ್ನು ಸರಿಪಡಿಸಿದೆವು, ಪಂಪು ಸುಮ್ಮನಾಯಿತು. ಕಾಕಾ ಆ ಕಟ್ಟೆಯನ್ನು ಕಟ್ಟಿಸುವಾಗ ಸ್ವತಃ ಅಲ್ಲಿ ನಿಂತಿದ್ದವರು ಎಂಬುದು ನನಗೆ ಗೊತ್ತಿದ್ದ ಸಂಗತಿಯೇ. ಹೋಗಿ ಅವರಿಗೆ ಹೇಳಬೇಕೆಂದುಕೊಂಡೆ. ನಾಳೆ ಹೋಗೋಣ, ಮುಂದಿನ ಭಾನುವಾರ ಹೋಗೋಣ ಎನ್ನುತ್ತ ವರ್ಷಗಳು ಕಳೆದವು. ಕಳವಾದಲ್ಲಿ ವಾಸಿಸುವವರಿಗೆ ಇದು ಅರ್ಥವಾಗುತ್ತದೆ. 1916 ರಲ್ಲಿ ಪಾರ್ಸಿಕ್ ಸುರಂಗ ತೆರೆದ ಮೇಲೆ ವೇಗದ ಗಾಡಿಗಳು ಬಹುಕಾಲ ಕಳವಾ, ಮುಂಬ್ರಾಗಳನ್ನು ಬದಿಗೆ ಬಿಟ್ಟು ಗುಡ್ಡದೊಳಗೆ ನುಗ್ಗಿಹೋಗುತ್ತಿದ್ದವು. ಆ ವರ್ಷಗಳಲ್ಲಿ ನಾನೂ ಅಂತಹ ಒಂದು ಗಾಡಿಯಾಗಿದ್ದೆ.

‘ರೆಲಿಕ್ಸ್’ ಕಥೆಯ ಕೊನೆಯ ಭಾಗದಲ್ಲಿ ಲಾ ಫೋರ್ಜ್ ಒಂದು ತೊಟ್ಟಿಯ ಒತ್ತಡ ಮಿತಿಯನ್ನು ಮೀರುತ್ತದೆಂದು ಹೆದರುತ್ತಾನೆ. ನಿಯಮದಲ್ಲಿ ಹಾಗಿದೆಯಲ್ಲ ಎನ್ನುತ್ತಾನೆ. ಆ ನಿಯಮವನ್ನು ಬರೆದವನೇ ತಾನೆಂದೂ, ಸ್ವಲ್ಪ ಅಂತರವನ್ನು ಬಿಟ್ಟೇ ಬರೆದಿರುವೆನೆಂದೂ ಸ್ಕಾಟಿ ತಿಳಿಸುತ್ತಾನೆ. ಮೊಮ್ಮಗ ನಕ್ಕ. ನನಗೆ ನಗಲಾಗಲಿಲ್ಲ, ಸಿಮೆಂಟಿನ ಕಟ್ಟೆಯ ಮೇಲಿನ ಒಂದು ಕೈ ಕಣ್ಣಿಗೆ ಕಟ್ಟಿತು.

ನೆನಪಿನ ಕೋಣೆ

ಅವಮಾನಗೊಂಡ ಸ್ಕಾಟಿ ಎಲ್ಲಿಗೆ ಹೋಗುತ್ತಾನೆ? ಹೊಸ ನೌಕೆಯಲ್ಲಿ ಬೇಕಾದ ದೃಶ್ಯವನ್ನು ನಿಜದಂತೆ ಸೃಷ್ಟಿಸುವ ಒಂದು ಕೋಣೆಯಿದೆ. ಅಲ್ಲಿ ತನ್ನ ಹಳೆಯ ನೌಕೆಯ ಮುಖ್ಯ ಕೊಠಡಿಯನ್ನು ತೋರಿಸೆಂದು ಕೇಳುತ್ತಾನೆ. ಬಾಗಿಲು ತೆರೆಯುತ್ತದೆ. ಅದೇ ದೀಪಗಳು, ಅದೇ ಸದ್ದು, ಅದೇ ಕುರ್ಚಿಗಳು. ಕುರ್ಚಿಗಳಲ್ಲಿ ಯಾರೂ ಇಲ್ಲ. ಇದನ್ನು ಚಿತ್ರಿಸುವ ವೇಳೆಗೆ ಅರವತ್ತರ ದಶಕದ ಆ ರಂಗಸಜ್ಜು ಉಳಿದಿರಲಿಲ್ಲ. ಅದರ ಒಂದು ಭಾಗವನ್ನು ಮಾತ್ರ ಮತ್ತೆ ನಿಲ್ಲಿಸಿ, ಮಿಕ್ಕುದನ್ನು ಹಳೆಯ ಚಿತ್ರಸುರುಳಿಯಿಂದ ಜೋಡಿಸಿದರು.

ನಮ್ಮಲ್ಲಿ ಯಾರಿಗೆ ಇಂತಹ ಕೋಣೆಯಿಲ್ಲ? ಕಳವಾದ ಒಂದೂವರೆ ಕೋಣೆಯ ಮನೆಯಲ್ಲಿ ಕಣ್ಣು ಮುಚ್ಚಿದರೆ ಸಾಕು: ಧಾರವಾಡದ ಮಳೆ, ಹಿತ್ತಿಲ ಬಾವಿಯ ಗಡಗಡಿಯ ಸದ್ದು, ಆಕಾಶವಾಣಿಯ ಬೆಳಗಿನ ದನಿ. ನವೆಂಬರಿನಲ್ಲಿ ನಾವು ಆಚರಿಸುವ ರಾಜ್ಯೋತ್ಸವವೂ ಒಂದು ದಿನದ ಅಂತಹ ಕೋಣೆಯೇ. ಇದು ದೌರ್ಬಲ್ಯವೆ? 1688 ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಟ್ಜರ್ಲೆಂಡಿನ ವೈದ್ಯವಿದ್ಯಾರ್ಥಿ, ಪರಸ್ಥಳದಲ್ಲಿದ್ದವರ ಊರ ಹಂಬಲಕ್ಕೆ ‘ನಾಸ್ಟಾಲ್ಜಿಯ’ ಎಂಬ ಹೆಸರನ್ನು ಟಂಕಿಸಿ ಅದನ್ನೊಂದು ರೋಗವೆಂದೇ ವರ್ಣಿಸಿದ. ಮುಪ್ಪಿನಲ್ಲಿ ಹಿಂದಿನದನ್ನು ಮೆಲುಕು ಹಾಕುವುದನ್ನೂ ಬುದ್ಧಿಮಾಂದ್ಯದ ಲಕ್ಷಣವೆಂದು ಬಹುಕಾಲ ಹಲವರು ಬಗೆದಿದ್ದರು. 1963 ರಲ್ಲಿ ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯರು, ಅದು ತನ್ನ ಬಾಳಿನ ಲೆಕ್ಕವನ್ನು ತಾನೇ ಒಪ್ಪಿಸಿಕೊಳ್ಳುವ ಸಹಜ ಕ್ರಿಯೆಯೆಂದು ವಾದಿಸಿದರು. ಇಂದು ಹಳೆಯ ಹಾಡು, ಹಳೆಯ ಚಿತ್ರಗಳ ಮೂಲಕ ವೃದ್ಧರನ್ನು ಮಾತಿಗೆಳೆಯುವುದು ಆರೈಕೆಯ ಒಂದು ಮಾನ್ಯ ವಿಧಾನವಾಗಿದೆ.

ಆದರೆ ಕಥೆಯಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನೆನಪಿನ ಕೋಣೆ ಸ್ಕಾಟಿಯ ದುಃಖವನ್ನು ಹಗುರ ಮಾಡಿತು, ಗುಣಪಡಿಸಲಿಲ್ಲ. ನಾಯಕ ಪಿಕಾರ್ಡ್ ಅಲ್ಲಿಗೆ ಬಂದು, ಜೊತೆಗೆ ಕುಳಿತು, ತನ್ನ ಮೊದಲ ನೌಕೆಯ ನೆನಪನ್ನೂ ಹೇಳಿಕೊಳ್ಳುತ್ತಾನೆ. ಬಳಿಕ ಆ ದೃಶ್ಯವನ್ನು ನಿಲ್ಲಿಸುವವನು ಸ್ಕಾಟಿಯೇ. ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದ್ದು ಅನಂತರ ಬಂದ ಒಂದು ಕರೆ: ಹಳೆಯ ಹಡಗಿನ ದಾಖಲೆಗಳನ್ನು ತೆಗೆಯಲು ನಿನ್ನ ಸಹಾಯ ಬೇಕು ಎಂಬ ಕರೆ. ಅಷ್ಟರಲ್ಲಿ ಎಂಟರ್‌ಪ್ರೈಸ್ ಮಹಾಗೋಳದೊಳಗೆ ಸಿಕ್ಕಿಬೀಳುತ್ತದೆ. ಹಳೆಯ ಹಡಗನ್ನು ಎಬ್ಬಿಸಿ, ಮುಚ್ಚುತ್ತಿರುವ ಮಹಾದ್ವಾರಕ್ಕೆ ಅದನ್ನೇ ಅಡ್ಡಗಟ್ಟಿ, ಹೊಸ ನೌಕೆಯನ್ನು ಹೊರತರುವವರು ಇಬ್ಬರು ಇಂಜಿನಿಯರರೂ ಸೇರಿ. ಹಳಬನೊಬ್ಬನಿಂದ ಅದು ಆಗುತ್ತಿರಲಿಲ್ಲ, ಹೊಸಬನೊಬ್ಬನಿಂದಲೂ ಆಗುತ್ತಿರಲಿಲ್ಲ.

ಮರೆವು ಮತ್ತು ಮಾತೃಭಾಷೆ

ಸ್ಕಾಟಿಯ ಪಾತ್ರ ವಹಿಸಿದ ಜೇಮ್ಸ್ ಡೂಹನ್ 1920 ರಲ್ಲಿ ಕೆನಡಾದಲ್ಲಿ ಜನಿಸಿದವರು. 1944 ರ ಜೂನ್ 6 ರಂದು ನಾರ್ಮಂಡಿ ತೀರದಲ್ಲಿಳಿದ ಸೇನೆಯಲ್ಲಿದ್ದು, ಗುಂಡೇಟಿನಿಂದ ಬಲಗೈಯ ನಡುಬೆರಳನ್ನು ಕಳೆದುಕೊಂಡಿದ್ದರು. ಅವರ ಪಾತ್ರದಿಂದ ಪ್ರೇರಿತರಾಗಿ ಎಷ್ಟೋ ತರುಣರು ಇಂಜಿನಿಯರಿಂಗ್ ಓದಿದ್ದನ್ನು ಮನ್ನಿಸಿ ಮಿಲ್ವಾಕಿ ಸ್ಕೂಲ್ ಆಫ್ ಇಂಜಿನಿಯರಿಂಗ್ ಅವರಿಗೆ ಗೌರವ ಪದವಿಯನ್ನಿತ್ತಿತು. ‘ರೆಲಿಕ್ಸ್’ನಲ್ಲಿ ನಟಿಸಿದಾಗ ಅವರಿಗೆ ಎಪ್ಪತ್ತೆರಡು. ಯಂತ್ರದ ಸ್ಮೃತಿಯಲ್ಲಿ ಎಪ್ಪತ್ತೈದು ವರ್ಷ ಕೆಡದೆ ಉಳಿದವನ ಪಾತ್ರವನ್ನು ಮಾಡಿದ ಆ ನಟನಿಗೆ ಅಲ್ಝೈಮರ್ ಎಂಬ ಮರೆವಿನ ರೋಗ ತಗುಲಿದೆಯೆಂದು 2004 ರಲ್ಲಿ ಪ್ರಕಟವಾಯಿತು. 2005 ರ ಜುಲೈ 20 ರಂದು ಅವರು ನಿಧನರಾದರು.

ಅದೇ 2004 ರಲ್ಲಿ ನನಗೆ ಕಾಕಾ ಅವರ ಮನೆಯಿಂದ ಕರೆ ಬಂದಿತು. ಅವರು ಆಸ್ಪತ್ರೆಯಲ್ಲಿದ್ದರು. ಮರೆವು ಬಹಳ ಮುಂದುವರಿದಿತ್ತು. ನಲವತ್ತು ವರ್ಷ ನಿರರ್ಗಳವಾಗಿ ಆಡಿದ ಮರಾಠಿಯೂ ಹಿಂದಿಯೂ ಅಳಿಸಿಹೋಗಿ ಕನ್ನಡವೊಂದೇ ಉಳಿದಿತ್ತು. ಇಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಕ್ಕಳಿಗೆ ಅದು ಪೂರ್ತಿ ತಿಳಿಯದು, ದಾದಿಯರಿಗಂತೂ ತಿಳಿಯದು. ಮುದುಕರು ರಂಪ ಮಾಡುತ್ತಾರೆಂದು ಎಲ್ಲರೂ ಬಗೆದಿದ್ದರು. ನಾನು ಹೋಗಿ ಕುಳಿತು ಕೇಳಿದೆ. ಅವರು ಕೇಳುತ್ತಿದ್ದುದು ಇಷ್ಟೇ: “ನೀರ ಕೊಡ್ರಿ. ಕಾಲ ಜೋಮು ಹಿಡದೈತಿ.”

ನೀರು ಕುಡಿಸಿದೆ, ಕಾಲು ನೀವಿದೆ. ನನ್ನ ಗುರುತು ಅವರಿಗೆ ಸಿಕ್ಕಲಿಲ್ಲ. ಆದರೂ ಹೇಳಿದೆ: “ಕಾಕಾ, ನೀವು ಅಂದದ್ದ ಖರೆ. ಪಂಪಿನ ತಳಪಾಯ ಕೂತಿತ್ತು.” ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಪಂಪ ಈಗ ಹೆಂಗೈತಿ?” ಎಂದರು. ಚಲೋ ಐತ್ರಿ ಎಂದೆ. ತಲೆಯಾಡಿಸಿದರು. ಹನ್ನೊಂದು ವರ್ಷ ತಡವಾಗಿ ಹೇಳಿದ ಮಾತು ಅವರನ್ನು ಮುಟ್ಟಿತೋ ಇಲ್ಲವೋ ನಾನರಿಯೆ. ಆ ಚಳಿಗಾಲದಲ್ಲಿ ಅವರು ತೀರಿಕೊಂಡರು.

ವೈದ್ಯರು ಹೇಳುವುದೇನು?

ನಮ್ಮ ದೇಶದಲ್ಲಿ 60 ವರ್ಷ ಮೀರಿದವರಲ್ಲಿ ನೂರಕ್ಕೆ ಸುಮಾರು 7 ಮಂದಿ, ಎಂದರೆ 88 ಲಕ್ಷ ಜನ, ಇಂತಹ ಮರೆವಿನ ರೋಗಗಳಿಂದ ಬಳಲುತ್ತಿದ್ದಾರೆಂದು 2023 ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯ ತಜ್ಞರ ಆಯೋಗ 2024 ರಲ್ಲಿ ಇವುಗಳಿಗೆ ಎಡೆಗೊಡುವ, ಆದರೆ ತಡೆಯಬಹುದಾದ ಅಥವಾ ತಗ್ಗಿಸಬಹುದಾದ 14 ಕಾರಣಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ ರಕ್ತದೊತ್ತಡ, ಸಿಹಿಮೂತ್ರ, ಧೂಮಪಾನ, ವ್ಯಾಯಾಮದ ಅಭಾವ ಇವು ನಮಗೆ ಪರಿಚಿತ. ಆದರೆ ಕಿವಿ ಮಂದವಾಗುವುದು, ಕಣ್ಣಿನ ದೋಷವನ್ನು ಸರಿಪಡಿಸದೆ ಬಿಡುವುದು, ಮನಸ್ಸಿನ ಖಿನ್ನತೆ, ಜನಸಂಪರ್ಕವಿಲ್ಲದ ಒಂಟಿತನ ಇವೂ ಆ ಪಟ್ಟಿಯಲ್ಲಿವೆ ಎಂಬುದನ್ನು ನಾವು ಮನದಟ್ಟು ಮಾಡಿಕೊಳ್ಳಬೇಕು. ಕಾರ್ಖಾನೆಯ ಗದ್ದಲದಲ್ಲಿ ದುಡಿದ ನಮ್ಮಲ್ಲಿ ಅನೇಕರಿಗೆ ಕಿವಿ ಮಂದ. ಶ್ರವಣ ಯಂತ್ರವನ್ನು ಧರಿಸಲು ನಾಚಿಕೆ; ಮಾತು ಕೇಳಿಸದ್ದರಿಂದ ಕೂಟಕ್ಕೆ ಬರುವುದು ಬಿಡುತ್ತೇವೆ; ಹೀಗೆ ಒಂದರಿಂದ ಒಂದು ಬೆಳೆಯುತ್ತದೆ.

ವಯಸ್ಸಾದವರಿಗೆ ಮರೆವು ಹೆಚ್ಚಿದರೆ, ವಯಸ್ಸಾಯಿತು ಬಿಡಿ ಎಂದು ಕೈಚೆಲ್ಲಬಾರದು. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ಖಿನ್ನತೆ, ಕೆಲವು ಔಷಧಿಗಳ ಪರಿಣಾಮ ಇವುಗಳಿಂದಲೂ ಮರೆವು ಉಂಟಾಗಬಹುದು. ಅವಕ್ಕೆ ಚಿಕಿತ್ಸೆಯಿದೆ. ಶಾಕಾಹಾರಿಗಳು ಬಿ-12 ರ ವಿಷಯದಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ಇನ್ನು, ಅನೇಕ ಭಾಷೆಗಳನ್ನು ಬಲ್ಲವರಿಗೆ ಈ ರೋಗ ಬಂದಾಗ ಕೊನೆಗೆ ಕಲಿತ ಭಾಷೆ ಮೊದಲು ಜಾರಿ, ತಾಯ್ನುಡಿಯೊಂದೇ ಉಳಿಯುವುದು ವೈದ್ಯರು ಹಲವೆಡೆ ಕಂಡ ಸಂಗತಿ. ಊರು ಬಿಟ್ಟು ಬಂದ ನಮ್ಮಂತಹವರಿಗೆ ಇದು ಸಾಮಾನ್ಯ ವಿಷಯವಲ್ಲ.

ಸಂಘಕ್ಕೊಂದು ವಿನಂತಿ

ಮೊಮ್ಮಗನ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ಆ ಅಜ್ಜ ಯಾವ ತಪ್ಪನ್ನೂ ಮಾಡಿಲ್ಲ. ಸಿಟ್ಟಾದವನಿಗೆ ಅವಸರವಿತ್ತು, ಅಷ್ಟೇ. ಅವಸರ ಮುಗಿಯುವ ಹೊತ್ತಿಗೆ ಅವನೂ ಅಜ್ಜನಾಗಿರುತ್ತಾನೆ.

ನಮ್ಮ ಸಂಘ ಹಿರಿಯರನ್ನು ಪ್ರತಿವರ್ಷ ಶಾಲು ಹೊದಿಸಿ ಸನ್ಮಾನಿಸುತ್ತದೆ. ಇದು ಸ್ತುತ್ಯವಾದ ಕಾರ್ಯ. ಅದರೊಂದಿಗೆ ಮತ್ತೆರಡನ್ನು ಮಾಡಬಹುದೆಂದು ನನ್ನ ನಮ್ರ ಸೂಚನೆ. ಮೊದಲನೆಯದು, ನಿವೃತ್ತ ಸದಸ್ಯರ ಒಂದು ಪಟ್ಟಿಯನ್ನು ತಯಾರಿಸಿ, ಹೆಸರಿನ ಮುಂದೆ ಅವರ ವಯಸ್ಸನ್ನಲ್ಲ, ಅವರು ಬಲ್ಲ ಕೆಲಸವನ್ನು ಬರೆಯಬೇಕು: ಫಿಟ್ಟರ್, ಶಿಕ್ಷಕಿ, ದಾದಿ, ಲೆಕ್ಕಿಗ, ತಬಲಾ ಬಲ್ಲವರು, ಹೋಳಿಗೆ ಬಲ್ಲವರು. ಅನಂತರ ಅವರನ್ನು ನಿಜವಾಗಿಯೂ ಕೇಳಬೇಕು. ಎರಡನೆಯದು, ಆಸ್ಪತ್ರೆಯಲ್ಲಿ ಕನ್ನಡವೊಂದೇ ಉಳಿದ ಹಿರಿಯರ ಹಾಸಿಗೆಯ ಬಳಿ ದಿನಕ್ಕೊಂದು ಗಂಟೆ ಕುಳಿತುಕೊಳ್ಳಲು ಸರದಿಯಂತೆ ಒಬ್ಬೊಬ್ಬ ಸದಸ್ಯರು ಹೋಗಬೇಕು. ಇದಕ್ಕೆ ಹಣ ಬೇಕಿಲ್ಲ. ನೀರು ಬೇಕೆಂಬ ಮಾತನ್ನು ಅರ್ಥಮಾಡಿಕೊಳ್ಳುವ ಕಿವಿಯಿದ್ದರೆ ಸಾಕು.

ಪಟ್ಟಿ ತಯಾರಾದಾಗ ನನ್ನ ಹೆಸರಿನ ಮುಂದೆ ‘ಪಂಪು, ತಳಪಾಯ’ ಎಂದು ಬರೆಯಬೇಕಾಗಿ ಕೋರಿಕೆ. ಸರದಿಯಲ್ಲಿ ಭಾನುವಾರದ ಬೆಳಗನ್ನು ನನಗೆ ಕೊಡಿ; ಆ ಹೊತ್ತು ಈಗ ನನಗೆ ಬಿಡುವಿರುತ್ತದೆ.